ವಿಭೂತಿ ಹಚ್ಚಿದ ಕ್ಯಾಮ್ ಚಕ್ರ

ನಮ್ಮ ಅಡುಗೆಮನೆಯಲ್ಲಿ ಸೌಟು, ಜಾಲರಿ, ಲಟ್ಟಣಿಗೆ ನಿಲ್ಲಿಸುವ ಸ್ಟೀಲ್ ಡಬ್ಬಕ್ಕೆ ಹತ್ತನೇ ನಂಬರಿನ ಸ್ಪ್ಯಾನರ್ ಒಂದು ಬಂದು ಸೇರಿಕೊಂಡಿದೆ. ಬೆಳಿಗ್ಗೆ ಒಗ್ಗರಣೆ ಸೌಟಿಗೆ ಕೈ ಹಾಕಿದರೆ ಮೊದಲು ಅದೇ ಸಿಗುತ್ತದೆ. ತೆಗೆದು ಟೂಲ್ಸ್ ಚೀಲಕ್ಕೆ ಹಾಕುವುದು ದೊಡ್ಡ ಕೆಲಸವೇನಲ್ಲ. ಹಾಕುವುದಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟು ಇನ್ನೂ ಸ್ವಲ್ಪ ದಿನ ನನಗೆ ಬೇಕು. ಅದರಿಂದ ಉಪ್ಪಿಟ್ಟಿಗೂ ಒಂದು ಖಾರ ಬರುತ್ತದೆ ಅಂತ ನನ್ನ ನಂಬಿಕೆ. ತಿನ್ನುವವರು ಇದುವರೆಗೂ ಹಾಗೆ ಹೇಳಿಲ್ಲ.

ಸಿಟ್ಟು ಶುರುವಾದದ್ದು ಗ್ಯಾರೇಜಿನಲ್ಲಿ. ನನ್ನ ಸ್ಕೂಟರು ನೀಲಿ ಹೊಗೆ ಬಿಡುವುದಕ್ಕೆ ಹತ್ತಿತ್ತು. ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ನಾನು ಹೊರಟರೆ ಹಿಂದಿನಿಂದ ಸೊಳ್ಳೆ ಔಷಧಿ ಹೊಡೆಯುವ ಗಾಡಿ ಹೋದ ಹಾಗಿರುತ್ತಿತ್ತು. ನಾಗರಭಾವಿ ರಸ್ತೆಯ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಮೆಕ್ಯಾನಿಕ್ ಸೈಲೆನ್ಸರಿನ ಬಾಯಿಗೆ ಬೆರಳಿಟ್ಟು, ಬೆರಳನ್ನು ಮೂಸಿ, ನನ್ನ ಕಡೆ ನೋಡದೆ ಹೇಳಿದ: "ಇಂಜಿನ್ ಕೆಲ್ಸ ಇದೆ ಆಂಟಿ. ಸಾರ್‌ನ ಕಳ್ಸಿ, ಅವ್ರ ಹತ್ರ ಮಾತಾಡ್ತೀನಿ."

"ಅದೇನಿದೆಯೋ ನನ್ ಹತ್ರಾನೇ ಹೇಳಪ್ಪ" ಅಂದೆ.

"ಟೆಕ್ನಿಕಲ್ ಮ್ಯಾಟ್ರು ಆಂಟಿ. ನಿಮಗ್ಯಾಕೆ ಟೆನ್ಷನ್ನು. ಸಾರ್ ಬರ್ಲಿ."

ಈ ಸಾರ್ ಯಾರು ಅಂತ ನಿಮಗೆ ಹೇಳಬೇಕು. ನಮ್ಮ ಯಜಮಾನರಿಗೆ ಗಾಡಿ ಓಡಿಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ದಾವಣಗೆರೆ ಕಡೆಯವರು, ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದವರು, ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ಮೂರು ಬೆರಳು ವಿಭೂತಿ ಎಳೆದು ಲಿಂಗಪೂಜೆಗೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳದವರು. ಮದುವೆಯಾದ ದಿನದಿಂದ ನನ್ನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತು ಬಂದವರು. ಟ್ರಾಫಿಕ್ ಪೊಲೀಸರು ಕೂಡ ಗಾಡಿ ನಿಲ್ಲಿಸಿ, ಓಡಿಸುತ್ತಿದ್ದ ನನ್ನನ್ನು ಬಿಟ್ಟು ಹಿಂದೆ ಕೂತ ಇವರನ್ನು ಲೈಸೆನ್ಸ್ ಕೇಳಿದ್ದಿದೆ. ಇಂಥವರನ್ನು ಟೆಕ್ನಿಕಲ್ ಮ್ಯಾಟರಿಗೆ ಕಳಿಸಬೇಕಂತೆ. ಮೈಯೆಲ್ಲ ಉರಿದುಹೋಯಿತು. ಹೊಗೆ ಬಿಡುತ್ತಲೇ ಗಾಡಿಯನ್ನು ಮನೆಗೆ ತಂದು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಲ್ಲಿಸಿ, ಇಂಜಿನ್ ನಾನೇ ಬಿಚ್ಚುತ್ತೇನೆ ಅಂತ ಘೋಷಿಸಿದೆ.

ಬರೀ ಹಟಕ್ಕೆ ಹೇಳಿದೆ ಅಂದುಕೊಳ್ಳಬೇಡಿ. ಗ್ರೀಸು ನನಗೆ ಹೊಸದಲ್ಲ. ರಾಜಾಜಿನಗರದ ವಠಾರದಲ್ಲಿ ನಾವು ಮೂರು ಜನ ಹೆಣ್ಣುಮಕ್ಕಳು. ಅಪ್ಪನ ಹತ್ತಿರ ಒಂದು ಹಳೇ ಸ್ಕೂಟರಿತ್ತು, ಒಂದು ಮಗ್ಗುಲಿಗೆ ವಾಲಿಸದೆ ಅದು ಎಂದೂ ಸ್ಟಾರ್ಟ್ ಆದದ್ದಿಲ್ಲ. ಬೆಳಿಗ್ಗೆ ವಠಾರದ ಗಂಡಸರೆಲ್ಲ ಸಾಲಾಗಿ ನಿಂತು ತಮ್ಮ ತಮ್ಮ ಸ್ಕೂಟರುಗಳನ್ನು ವಾಲಿಸುತ್ತಿದ್ದರು. ಭಾನುವಾರ ಅಪ್ಪ ಅದನ್ನು ಬಿಚ್ಚಿದರೆ, ಗಂಡುಮಕ್ಕಳಿಲ್ಲದ ಕರ್ಮಕ್ಕೆ ಸೀಮೆಎಣ್ಣೆಯಲ್ಲಿ ಪಾರ್ಟು ತೊಳೆಯುವ ಕೆಲಸ ನನ್ನದು. ಎಷ್ಟು ಸೋಪು ಹಾಕಿ ಕೈ ತೊಳೆದರೂ ಮಧ್ಯಾಹ್ನದ ಮುದ್ದೆಯಲ್ಲಿ ಸೀಮೆಎಣ್ಣೆ ವಾಸನೆ. ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು: "ಈ ಮಸಿ ಉಗುರು ನೋಡಿ ಯಾವನೇ ಬರ್ತಾನೆ ನಿನ್ನ ಕೈ ಹಿಡಿಯೋಕೆ."

ಅಪ್ಪನ ರಿಪೇರಿಯಲ್ಲಿ ಒಂದು ವಿಶೇಷವಿತ್ತು. ಬಿಚ್ಚಿದ್ದನ್ನೆಲ್ಲ ಜೋಡಿಸಿ ಮುಗಿಸಿದ ಮೇಲೂ ನಾಲ್ಕಾರು ನಟ್ಟು ಬೋಲ್ಟು ಮಿಕ್ಕಿರುತ್ತಿದ್ದವು. "ಕಂಪನಿಯವ್ರು ಧಾರಾಳವಾಗಿ ಹಾಕಿರ್ತಾರೆ ಬಿಡಮ್ಮ" ಅಂತ ಅವನ್ನು ಉಪ್ಪಿನಕಾಯಿಯ ಹಳೇ ಭರಣಿಗೆ ಹಾಕುತ್ತಿದ್ದ. ಆ ಭರಣಿ ತುಂಬುತ್ತಿದ್ದ ವೇಗಕ್ಕೆ ಇನ್ನೆರಡು ವರ್ಷ ಹೋಗಿದ್ದರೆ ಸ್ಕೂಟರೇ ಅದರೊಳಗೆ ಸೇರುತ್ತಿತ್ತು. ಅಪ್ಪನಿಂದ ನಾನು ಕಲಿತದ್ದು ಎರಡು: ಬಿಚ್ಚಲು ಹೆದರಬಾರದು, ಜೋಡಿಸಲು ಹೆದರಬೇಕು.

ಆಮೇಲೆ ನಾನು ಕರೆಂಟ್ ಮೀಟರ್ ಜೋಡಿಸುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಸಾಲು ಬೆಂಚು, ಸಾಲು ಹೆಂಗಸರು, ಕೈಯಲ್ಲಿ ಚಿಮಟ. ಅಕ್ಕಿಕಾಳಿನಷ್ಟು ಹಲ್ಲಿರುವ ಚಕ್ರಗಳನ್ನು ಕೂರಿಸುವ ಕೆಲಸ. ಹೆಣ್ಣು ನೋಡಲು ಬಂದಾಗ ನಮ್ಮ ಯಜಮಾನರು ನನ್ನ ಉಗುರು ನೋಡಿದರು, ಅಮ್ಮ ಹೆದರಿದ ಹಾಗೇ. "ಗಾಡಿ ಓಡಿಸೋಕೆ ಬರುತ್ತಾ" ಅಂತ ಕೇಳಿದರು. ಬರುತ್ತೆ ಅಂದೆ. "ನಂಗೆ ಬರಲ್ಲ. ಒಳ್ಳೇದಾಯ್ತು" ಅಂದರು. ಆ ಒಂದು ಮಾತಿಗೆ ನಾನು ಒಪ್ಪಿಕೊಂಡೆ. ಈಗ ಯೋಚಿಸಿದರೆ ಇನ್ನೆರಡು ಮಾತು ಕೇಳಿ ಒಪ್ಪಬೇಕಿತ್ತು, ಯಾಕೆಂದರೆ ಆಮೇಲೆ ಅವರು ಹೆಚ್ಚು ಮಾತಾಡಲಿಲ್ಲ.

ಇಂಜಿನ್ ವಿಷಯಕ್ಕೆ ಬರುತ್ತೇನೆ. ಮಾಗಡಿ ರಸ್ತೆಯ ಲೇತ್ ಅಂಗಡಿಯಲ್ಲಿ ಸಿಲಿಂಡರಿನ ಒಳಗಿನ ಸವೆತ ಹೋಗುವಂತೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ತಂದೆ. ಉಳಿದದ್ದಕ್ಕೆ ಮೊಬೈಲಿನ ವೀಡಿಯೊಗಳೇ ಗುರು. ಈ ವೀಡಿಯೊ ಮಾಡುವ ಹುಡುಗರ ಮೇಲೂ ನನಗೆ ಸಿಟ್ಟಿದೆ. ಹಾಯ್ ಫ್ರೆಂಡ್ಸ್ ಅಂತ ಶುರುಮಾಡಿ, ಬೆಲ್ ಒತ್ತಿ, ಲೈಕ್ ಮಾಡಿ ಅಂತ ಗೋಗರೆದು, ಮೂರು ನಿಮಿಷ ತಮ್ಮ ಮುಖ ತೋರಿಸಿ, ಕಡೆಗೆ ಕ್ಯಾಮ್ ಕೂರಿಸುವ ಮುಖ್ಯ ಹೊತ್ತಿನಲ್ಲಿ ಕ್ಯಾಮೆರಾಗೆ ಕೈ ಅಡ್ಡ ಹಿಡಿಯುತ್ತಾರೆ. "ಇಷ್ಟೇ ಫ್ರೆಂಡ್ಸ್, ತುಂಬಾ ಸಿಂಪಲ್."

ಸಿಂಪಲ್ ಏನಲ್ಲ. ಇಂಜಿನ್ನಿನ ತಲೆಯಲ್ಲಿ, ಅಂದರೆ ಹೆಡ್ಡಿನಲ್ಲಿ, ವಾಲ್ವ್ ಅನ್ನುವ ಎರಡು ಬಾಗಿಲಿವೆ. ಒಂದು ಪೆಟ್ರೋಲು ಗಾಳಿ ಒಳಗೆ ಬರಲು, ಇನ್ನೊಂದು ಹೊಗೆ ಹೊರಗೆ ಹೋಗಲು. ಯಾವುದು ಯಾವಾಗ ತೆರೆಯಬೇಕು ಅನ್ನುವುದನ್ನು ನೋಡಿಕೊಳ್ಳುವುದು ಕ್ಯಾಮ್ ಶಾಫ್ಟ್. ಅದರ ತುದಿಯಲ್ಲೊಂದು ಹಲ್ಲಿನ ಚಕ್ರ, ಆ ಚಕ್ರಕ್ಕೆ ಕೆಳಗಿನಿಂದ ಬರುವ ಚೈನು. ಕೆಳಗೆ ಇಂಜಿನ್ನಿನ ಜೊತೆ ತಿರುಗುವ ಮ್ಯಾಗ್ನೆಟ್ ಚಕ್ರದ ಮೇಲೆ 'ಟಿ' ಗುರುತಿರುತ್ತದೆ, ಅದು ಇಂಜಿನ್ ಕೇಸಿನ ಗುರುತಿಗೆ ಸರಿಯಾಗಿ ನಿಲ್ಲಬೇಕು. ಆಗ ಮೇಲಿನ ಚಕ್ರದ ಗೀರು ಹೆಡ್ಡಿನ ಅಂಚಿಗೆ ಸಮವಾಗಿರಬೇಕು. ಒಂದೇ ಒಂದು ಹಲ್ಲು ಆಚೀಚೆಯಾದರೂ ಮುಚ್ಚಿರಬೇಕಾದ ಬಾಗಿಲು ತೆರೆದಿರುತ್ತದೆ, ಇಂಜಿನ್ ಕೆಮ್ಮಿ ಒದೆಯುತ್ತದೆ. ನನ್ನ ಗಾಡಿಯ ಚಕ್ರ ಹಳೆಯದು, ಗೀರು ಸವೆದು ಕಾಣದಂತಾಗಿತ್ತು. ಅದಕ್ಕೇ ಬಿಚ್ಚುವ ಮೊದಲು ಗೀರಿನ ಮೇಲೆ ವೈಟ್ನರ್ ಹಚ್ಚಿ ಗುರುತು ಮಾಡಿಕೊಂಡೆ. ಮೀಟರ್ ಕಾರ್ಖಾನೆಯಲ್ಲಿ ಕಲಿತ ಬುದ್ಧಿ ಅದು. ಇಷ್ಟೆಲ್ಲ ಜಾಗ್ರತೆ ಮಾಡಿದ ಮೇಲೆ ಆಯುಧಪೂಜೆ ಬಂತು.

ಆಯುಧಪೂಜೆ ದಿನ ನಮ್ಮ ಯಜಮಾನರು ಗಾಡಿಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡದೆ ಕಾಫಿ ಕೂಡ ಕುಡಿಯುವವರಲ್ಲ. ಈ ಸಲ ಗಾಡಿಯ ಅರ್ಧ ಹಿತ್ತಲಲ್ಲಿ, ಅರ್ಧ ಊಟದ ಮೇಜಿನ ಮೇಲೆ ಪೇಪರು ಹಾಸಿಕೊಂಡು ಮಲಗಿತ್ತು. ನಾನು ಬೂದುಗುಂಬಳ, ಬಾಳೆಕಂದು ತರಲು ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದೆ, ಬಸ್ಸಿನಲ್ಲಿ, ನೇತಾಡಿಕೊಂಡು. ವಾಪಸ್ಸು ಬಂದು ನೋಡಿದರೆ ಮೇಜಿನ ಮೇಲೆ ಸ್ಕೂಟರಿನ ಪಾರ್ಟುಗಳು ಬೆಳ್ಳಿ ಪಾತ್ರೆ ಥರ ಫಳಫಳ ಅನ್ನುತ್ತಿವೆ. ಪಿಸ್ಟನ್ನಿಗೆ ವಿಭೂತಿ. ಕಾರ್ಬ್ಯುರೇಟರಿಗೆ ವಿಭೂತಿ, ಮೇಲೊಂದು ಚೆಂಡುಹೂವು. ಪ್ರತಿ ಬೋಲ್ಟಿಗೂ ಒಂದೊಂದು ಕುಂಕುಮದ ಬೊಟ್ಟು.

"ಏನ್ರೀ ಇದು?"

"ಇಡೀ ಗಾಡಿ ಇಲ್ವಲ್ಲ. ಅದಕ್ಕೆ ಬಿಡಿಬಿಡಿಯಾಗಿ ಪೂಜೆ ಮಾಡ್ದೆ" ಅಂದರು.

"ಗುರುತು ಮಾಡಿದ್ನಲ್ಲ, ಬಿಳೀದು. ಅದೆಲ್ಲಿ?"

"ಜಿಡ್ಡಿಗೆ ಯಾರಾದ್ರೂ ಪೂಜೆ ಮಾಡ್ತಾರಾ ಗಿರಿಜಾ? ಎಲ್ಲಾ ತೊಳ್ದೆ. ಬೆಳಿಗ್ಗೆಯಿಂದ ತಿಕ್ಕಿದೀನಿ, ಹಲ್ಲುಜ್ಜೋ ಬ್ರಶ್ ತಗೊಂಡು."

ಯಾರ ಬ್ರಶ್ಶು ಅಂತ ಕೇಳಲಿಲ್ಲ. ಕ್ಯಾಮ್ ಚಕ್ರವನ್ನು ಬೆಳಕಿಗೆ ಹಿಡಿದು ನೋಡಿದೆ. ಪುಣ್ಯಕ್ಕೆ ವಿಭೂತಿಯ ಪುಡಿ ಗೀರಿನೊಳಗೆ ಇಳಿದು ಬಿಳೀ ಗೆರೆ ಎದ್ದು ಕಾಣುತ್ತಿತ್ತು. ವೈಟ್ನರಿಗಿಂತ ಚೆನ್ನಾಗಿಯೇ ಇತ್ತು. ಹಬ್ಬದ ದಿನ ಬಾಯಿ ಮಾಡುವುದು ಬೇಡ ಅಂತ ಸುಮ್ಮನಾದೆ. ನಾನು ಸುಮ್ಮನಾದದ್ದು ತೀರಾ ಅಪರೂಪಕ್ಕೆ, ಆಗಲೂ ಎಡವಟ್ಟಾಯಿತು.

ಮರುದಿನ ವಿಜಯದಶಮಿ. ರಾಜರಾಜೇಶ್ವರಿನಗರದ ಫ್ಲ್ಯಾಟಿನಿಂದ ಮಗ ಕಿರಣ ಫೋನು ಮಾಡಿದ. ಹಬ್ಬದ ಮಾತು ಮುಗಿಸಿ ಮೆಲ್ಲಗೆ ಶುರುಮಾಡಿದ: "ಅಮ್ಮ, ಎಕ್ಸ್‌ಚೇಂಜ್ ಆಫರ್ ಇದೆ. ನಿನ್ನ ಗಾಡಿ ಕೊಟ್ಟು ಎಲೆಕ್ಟ್ರಿಕ್ ತಗೊಳ್ತೀನಿ. ನಮ್ಮನೇಲೇ ಇರುತ್ತೆ. ನಿಂಗೆ ಎಲ್ಲಿಗಾದ್ರೂ ಹೋಗ್ಬೇಕು ಅಂದ್ರೆ ಒಂದು ಫೋನ್ ಮಾಡು, ಬಂದು ಡ್ರಾಪ್ ಮಾಡ್ತೀನಿ."

"ಯಾರನ್ನ ಕೇಳಿ ಇದೆಲ್ಲ?"

"ಅಪ್ಪ ಆಗ್ಲೇ ಹೂಂ ಅಂದಿದಾರಲ್ಲಮ್ಮ. ಗಾಡಿ ಅವ್ರ ಹೆಸ್ರಲ್ಲೇ ತಾನೇ ಇರೋದು. ಭಾನುವಾರ ಶೋರೂಮ್ ಹುಡುಗನ್ನ ಕರ್ಕೊಂಡು ಬರ್ತೀನಿ."

ಗಾಡಿ ಇವರ ಹೆಸರಿನಲ್ಲಿದೆ, ನಿಜ. ಕೊಳ್ಳಲು ಹೋದಾಗ ನನ್ನ ಸಂಬಳದ ದುಡ್ಡನ್ನು ನನ್ನ ಕೈಯಿಂದಲೇ ತೆಗೆದುಕೊಂಡ ಅಂಗಡಿಯವನು, ತಲೆ ಎತ್ತದೆ ಇವರ ಹೆಸರು ಬರೆದುಕೊಂಡಿದ್ದ. ಆಗ ಬಿಡು ಅಂದುಕೊಂಡಿದ್ದೆ. ಹೀಗೆ ಬಿಡು ಅಂದುಕೊಂಡದ್ದೆಲ್ಲ ಎಲ್ಲೂ ಹೋಗದೆ ಒಂದು ದಿನ ಒಟ್ಟಿಗೆ ಮನೆಗೆ ಬರುತ್ತದೆ.

ಡ್ರಾಪ್ ಅನ್ನುವ ಮಾತು ಕೇಳಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ನಾನೇನು ಅಕ್ಕಿಮೂಟೆಯೇ, ಯಾರೋ ಎತ್ತಿ ಇನ್ನೆಲ್ಲೋ ಇಳಿಸಲು? ಹೊರಡುವಾಗ ಎಲ್ಲಿಗೆ ಅಂತ ಹೇಳಬೇಕು. ಯಾಕೆ ಅಂತ ಹೇಳಬೇಕು. ಎಷ್ಟು ಹೊತ್ತಾಗುತ್ತದೆ ಅಂತ ಹೇಳಬೇಕು. ಬಸವೇಶ್ವರನಗರದ ಪಾರ್ಕಿನಲ್ಲಿ ಸುಮ್ಮನೆ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂದು ಬರಬೇಕು ಅನಿಸಿದರೆ, ಅದಕ್ಕೆ ಮಗನಿಗೆ ಏನಂತ ಕಾರಣ ಕೊಡಲಿ? ಹೆಂಗಸಿಗೆ ಮನೆ ಇರುತ್ತದೆ, ಒಡವೆ ಇರುತ್ತದೆ, ಹಬ್ಬಕ್ಕೆ ಸೀರೆ ಇರುತ್ತದೆ. ಯಾರಿಗೂ ಹೇಳದೆ ಕೀ ತೆಗೆದುಕೊಂಡು ಎದ್ದು ಹೋಗುವುದು ಒಂದು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಅದು ನನಗೆ ಸಿಕ್ಕಿತ್ತು. ಅದನ್ನು ಅಪ್ಪ ಮಗ ಸೇರಿ ಫೋನಿನಲ್ಲಿ ಎಕ್ಸ್‌ಚೇಂಜ್ ಮಾಡಿಬಿಟ್ಟಿದ್ದರು.

ಫೋನು ಇಟ್ಟು ತಿರುಗಿದರೆ ಇವರು ದೇವರಮನೆಯೊಳಗೆ. ಜಗಳ ಬರುವ ವಾಸನೆ ಇವರಿಗೆ ನನಗಿಂತ ಮೊದಲು ಹೊಡೆಯುತ್ತದೆ.

ಅದೇ ಉರಿಯಲ್ಲಿ ಹಿತ್ತಲಿಗೆ ಹೋಗಿ ಜೋಡಿಸಲು ಕೂತೆ. ಭಾನುವಾರದೊಳಗೆ ಗಾಡಿ ಓಡಬೇಕು, ಗುಜರಿಗೆ ಹೋಗುವ ಮಾಲಲ್ಲ ಅಂತ ತೋರಿಸಬೇಕು. ಪಿಸ್ಟನ್ ಇಳಿಸಿ, ಹೆಡ್ಡು ಕೂರಿಸಿ, ಮ್ಯಾಗ್ನೆಟ್ಟಿನ ಗುರುತು ಹೊಂದಿಸಿ, ಕ್ಯಾಮ್ ಚಕ್ರದ ಬಿಳೀ ಗೆರೆಯನ್ನು ಹೆಡ್ಡಿನ ಅಂಚಿಗೆ ತಂದು ಚೈನು ಏರಿಸಿದೆ. ಜೋಡಿಸಿದ ಮೇಲೆ ಎರಡು ಸುತ್ತು ಕೈಯಲ್ಲಿ ತಿರುಗಿಸಿ ನೋಡಬೇಕು, ಅದು ನಿಯಮ. ಸಿಟ್ಟಿನಲ್ಲಿರುವವರು ನಿಯಮ ನೋಡುತ್ತಾರಾ? ಎಣ್ಣೆ ಹಾಕಿ, ಪ್ಲಗ್ ಬಿಗಿದು, ಕಿಕ್ಕರಿನ ಮೇಲೆ ಮೈಭಾರ ಹಾಕಿ ಒದ್ದೆ. ಗಾಡಿ ಢಂ ಅಂತ ಸೈಲೆನ್ಸರಿನಲ್ಲಿ ಸೀನಿ ಕಿಕ್ಕರನ್ನು ವಾಪಸ್ಸು ಎಸೆಯಿತು. ಮೊಣಕಾಲಿನ ಕೆಳಗೆ ಬಿದ್ದ ಏಟಿಗೆ ಕಣ್ಣು ಕತ್ತಲೆ ಬಂತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಮತ್ತೆ ಬಿಚ್ಚಿದೆ. ಮ್ಯಾಗ್ನೆಟ್ಟಿನ ಗುರುತು ಸರಿ. ಚಕ್ರದ ಗೆರೆಯೂ ಅಂಚಿಗೆ ಸರಿ. ಎಲ್ಲ ಸರಿಯಿದ್ದೂ ಒದೆಯುವುದಕ್ಕೆ ಇದೇನು ನನ್ನ ಅತ್ತೆಮನೆಯೇ ಅಂದುಕೊಂಡು, ಸೆರಗಿನಿಂದ ಚಕ್ರವನ್ನು ಒರೆಸಿದೆ. ಬಿಳಿ ಹೋಯಿತು. ಅದರಡಿ ಇದ್ದದ್ದು ಗುರುತೇ ಅಲ್ಲ. ಹಿಂದೆ ಯಾವ ಪುಣ್ಯಾತ್ಮನೋ ಸ್ಕ್ರೂಡ್ರೈವರ್ ಜಾರಿಸಿ ಮಾಡಿದ ಸೊಟ್ಟ ಗಾಯ. ನಿಜವಾದ ಗೀರು ಒಂದು ಹಲ್ಲು ಆಚೆಗಿತ್ತು. ಅದರ ಮೇಲೆ ನಮ್ಮ ಯಜಮಾನರು ಅಗಲವಾಗಿ, ಶ್ರದ್ಧೆಯಿಂದ, ಕುಂಕುಮ ಇಟ್ಟಿದ್ದರು.

"ಬನ್ರೀ ಇಲ್ಲಿ" ಅಂತ ಕೂಗಿದೆ.

ಬಂದರು. ಕ್ಯಾಮ್ ಚಕ್ರ ಬಿಚ್ಚಿದರೆ ಚೈನು ಜಾರಿ ಇಂಜಿನ್ನಿನ ಹೊಟ್ಟೆಯೊಳಗೆ ಬೀಳುತ್ತದೆ. ಬಿದ್ದರೆ ಮತ್ತೆ ಎಲ್ಲ ಬಿಚ್ಚಬೇಕು. ಚೈನಿಗೊಂದು ತಂತಿ ಸಿಕ್ಕಿಸಿ ಅವರ ಕೈಗೆ ಕೊಟ್ಟೆ. "ಬಿಗಿಯಾಗಿ ಹಿಡ್ಕೊಳ್ಳಿ. ಬಿಡಬೇಡಿ" ಅಂದೆ. ಹಿಡಿದುಕೊಂಡರು. ಮದುವೆಯಾದ ಮೇಲೆ ಮೊದಲ ಸಲ, ನಾನು ಜಗಳ ತೆಗೆದಾಗ ಇವರು ದೇವರಮನೆಗೆ ಓಡಲಾರದ ಹಾಗೆ ಕೈಗೆ ಸಿಕ್ಕಿದ್ದರು.

"ಬೇಕಂತಾನೇ ಒರೆಸಿದ್ರಾ ಗುರುತು?"

"ಬೇಕಂತ ಮಾಡೋನಾಗಿದ್ರೆ ಒಂದು ಬೋಲ್ಟ್ ಬಚ್ಚಿಡ್ತಿದ್ದೆ. ಅಷ್ಟೊತ್ತು ಕೂತು ಯಾಕೆ ತಿಕ್ತಿದ್ದೆ?"

ಅದು ಸರಿ ಅನಿಸಿತು. ಸರಿ ಅನಿಸಿದ್ದರಿಂದ ಸಿಟ್ಟು ಇನ್ನೂ ಏರಿತು. "ಹಂಗಾದ್ರೆ ಅವ್ನಿಗೆ ಯಾಕೆ ಹೂಂ ಅಂದ್ರಿ? ನನ್ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ? ಗಾಡಿ ನಿಮ್ಮ ಹೆಸ್ರಲ್ಲಿದೆ ಅಂದ್ರೆ ನಿಮ್ಮದಾಗೋಯ್ತಾ?"

ತಂತಿಯನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡರು. ನಾನು ಚೈನನ್ನು ಒಂದು ಹಲ್ಲು ಸರಿಸಿ ಚಕ್ರ ಕೂರಿಸುತ್ತಿದ್ದೆ. ಆಗ ಹೇಳಿದರು: "ನಂಗೆ ಭಯ ಆಗುತ್ತೆ ಗಿರಿಜಾ."

"ಯಾತರ ಭಯ?"

"ನಿನ್ನ ಹಿಂದೆ ಕೂರೋಕೆ. ಸುಮನಹಳ್ಳಿ ಬ್ರಿಡ್ಜ್ ಮೇಲೆ ಆ ಟೆಂಪೋದವ್ನನ್ನ ಅಟ್ಟಿಸ್ಕೊಂಡು ಹೋದ್ಯಲ್ಲ. ನಾಯಂಡಹಳ್ಳಿಲಿ ಬಸ್ಸಿಗೆ ಅಡ್ಡ ನಿಲ್ಸಿ ಡ್ರೈವರ್ ಜೊತೆ ಜಗಳ ಆಡಿದ್ಯಲ್ಲ. ನಾನು ಹಿಂದೆ ಕಣ್ಣು ಮುಚ್ಕೊಂಡು ಪಂಚಾಕ್ಷರಿ ಹೇಳ್ತಿರ್ತೀನಿ. ವಯಸ್ಸಾಯ್ತು. ನಂಗೀಗ ಆಗಲ್ಲ."

"ಇಷ್ಟು ವರ್ಷ ಬಾಯಲ್ಲಿ ಏನಿತ್ತು? ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಸಿಟ್ಟು ಮಾಡ್ಕೋತಿದ್ದೆ."

ಸಿಟ್ಟೇ ಬಂತು. ಹಿಂದೆ ಕೂತವರು ನೆಮ್ಮದಿಯಾಗಿದ್ದಾರೆ ಅಂತ ನಾನು ಊರೆಲ್ಲ ಸುತ್ತಿಸಿದ್ದೆ. ಭಯವಾದರೆ ನನ್ನ ಬೆನ್ನು ತಟ್ಟಿ ಹೇಳಬೇಕಿತ್ತು. ಅದು ಬಿಟ್ಟು ಮಗನಿಗೆ ಹೇಳಿ ಗಾಡಿಯನ್ನೇ ಇಲ್ಲವಾಗಿಸುವುದು ಯಾವ ಸೀಮೆ ನ್ಯಾಯ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಗಂತ ಅಂದೆ, ಇನ್ನೂ ಬೇಕಾದಷ್ಟು ಅಂದೆ. ಪಕ್ಕದ ಮನೆಯವರು ಟೀವಿ ಸೌಂಡು ಕಮ್ಮಿ ಮಾಡಿದ್ದು ಕೇಳಿಸಿತು. ಇವರು ಅಷ್ಟೂ ಹೊತ್ತು ತಂತಿ ಸಡಿಲ ಬಿಡಲಿಲ್ಲ. ಬಿಡಿ ಅಂದ ಮೇಲೆ ಬಿಟ್ಟರು. ಬೆರಳಿನ ಮೇಲೆ ತಂತಿಯ ಕೆಂಪು ಬರೆ ಎದ್ದಿತ್ತು.

ಈ ಸಲ ನಿಯಮದಂತೆ ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ. ಗುರುತಿಗೆ ಗುರುತು ಬಂದು ನಿಂತಿತು. ಮುಚ್ಚಿ, ಬಿಗಿದು, ಒದ್ದೆ. ಮೂರನೇ ಕಿಕ್ಕಿಗೆ ಗಾಡಿ ಹಿಡಿದುಕೊಂಡಿತು. ಹೊಗೆ ಇಲ್ಲ, ಕೆಮ್ಮಿಲ್ಲ, ಹೊಲಿಗೆ ಮಿಷನ್ನಿನ ಸದ್ದು. ಕುಣಿಯಬೇಕು ಅನಿಸುವಷ್ಟು ಸಂತೋಷವಾಯಿತು. ಇವರ ಮುಂದೆ ಕುಣಿಯಲಿಲ್ಲ. ಒಂದೊಂದು ಮಾತನ್ನೂ ಕೂಡಿಟ್ಟುಕೊಂಡು ಭಾನುವಾರಕ್ಕೆ ಕಾದೆ.

ಭಾನುವಾರ ಕಿರಣ ಬಂದ, ಜೊತೆಗೆ ಶೋರೂಮಿನ ಹುಡುಗ. ಹುಡುಗ ಕಿಕ್ ಹೊಡೆದು, ಕಿವಿಗೊಟ್ಟು ಕೇಳಿ, "ಸೂಪರ್ ಇದೆ ಬ್ರೋ ಇಂಜಿನ್ನು" ಅಂದ. ಕಿರಣ ಅವರಪ್ಪನ ಕಡೆ ತಿರುಗಿದ: "ಯಾವ್ ಗ್ಯಾರೇಜಪ್ಪಾ?"

"ನಿಮ್ಮಮ್ಮ ಮಾಡಿದ್ದು. ನಾನು ಕೆಡಿಸಿದ್ದು" ಅಂದರು ಇವರು.

ಕಿರಣ ನಕ್ಕ. ತಮಾಷೆ ಅಂದುಕೊಂಡ. "ಒಳ್ಳೇದಾಯ್ತು ಬಿಡಿ. ರನ್ನಿಂಗ್ ಕಂಡಿಷನ್ ಅಂದ್ರೆ ಎಕ್ಸ್‌ಚೇಂಜ್‌ಗೆ ಇನ್ನೂ ಚೆನ್ನಾಗಾಯ್ತು. ಸೈನ್ ಹಾಕಿ ಅಪ್ಪಾ."

ನಾನು ರಿಪೇರಿ ಮಾಡಿದ್ದು ಇವನ ರೇಟು ಏರಿಸಲಿಕ್ಕಂತೆ. ನನ್ನ ಬಾಯಿ ತೆರೆಯಿತು. ಅಷ್ಟು ದಿನ ಕೂಡಿಟ್ಟದ್ದೆಲ್ಲ ಗಂಟಲಿಗೆ ಬಂದಿತ್ತು. ನಾನು ಶುರುಮಾಡುವ ಮೊದಲೇ ಇವರು ಶೋರೂಮ್ ಹುಡುಗ ಚಾಚಿದ ಪೆನ್ನನ್ನು ಮೆಲ್ಲಗೆ ಅವನ ಜೇಬಿಗೇ ಸಿಕ್ಕಿಸಿದರು.

"ಇಲ್ಲ ಕಣೋ. ಗಾಡಿ ಅವಳ್ದು, ಇರ್ಲಿ. ಬೇಕಾದ್ರೆ ಹೆಸ್ರೂ ಅವಳ ಹೆಸ್ರಿಗೇ ಮಾಡ್ಸು. ಹಿಂದೆ ಕೂರೋಕೆ ನಂಗೆ ಭಯ. ಅದಕ್ಕೆ ನಾನು ಬಸ್ಸಲ್ಲಿ ಹೋಗ್ತೀನಿ ಇನ್ಮೇಲೆ. ಇಷ್ಟಕ್ಕೆ ಗಾಡಿ ಯಾಕೆ ಕಳ್ಕೋಬೇಕು."

ಇನ್ನೊಬ್ಬರ ಮುಂದೆ ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಿರಣ ನನ್ನ ಮುಖ ನೋಡಿದ. ಜಗಳಕ್ಕೆ ಅಂತ ಸಜ್ಜು ಮಾಡಿಟ್ಟಿದ್ದ ಒಂದು ಮಾತೂ ಉಪಯೋಗಕ್ಕೆ ಬರಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದೆ. ಸಕ್ಕರೆ ಹಾಕಲು ಮರೆತಿದ್ದೆ ಅಂತ ಆಮೇಲೆ ಗೊತ್ತಾಯಿತು, ಯಾರೂ ಹೇಳಲಿಲ್ಲ.

ಮಾರನೇ ದಿನ ಇವರು ಕೈಚೀಲ ಹಿಡಿದು, ಚಪ್ಪಲಿ ಮೆಟ್ಟಿ, ಹೇಳಿದ ಹಾಗೆಯೇ ಬಸ್ ಸ್ಟಾಪಿನ ಕಡೆ ನಡೆದರು. ನಾನು ಕೀ ತೆಗೆದುಕೊಂಡೆ. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ವಿಜಯನಗರ ದಾಟಿ ಮಾಗಡಿ ರಸ್ತೆಗೆ ತಿರುಗಿದಾಗ ಆಟೋದವನೊಬ್ಬ ಇಂಡಿಕೇಟರೂ ಹಾಕದೆ ಅಡ್ಡ ಬಂದ. ಬ್ರೇಕ್ ಒತ್ತಿ, ಬೈಯಲು ಬಾಯಿ ತೆರೆದೆ. ಬೈದೆ ಕೂಡ. ಅವನು ಏನೋ ಅಂದ, ನಾನು ಇನ್ನೊಂದು ಅಂದೆ. ಬೆನ್ನ ಹಿಂದೆ ಯಾರೂ ಕಣ್ಣು ಮುಚ್ಚಿಕೊಂಡು ಕೂತಿರಲಿಲ್ಲ. ಸಿಗ್ನಲ್ ಬಿಟ್ಟಿತು, ಹಿಂದಿನವರು ಹಾರನ್ ಹೊಡೆದರು, ಹೊರಟೆ. ಹೊಸ ಪಿಸ್ಟನ್ನು, ಸರಿಯಾಗಿ ಕೂತ ಕ್ಯಾಮು, ಖಾಲಿಯಾದ ಹಿಂದಿನ ಸೀಟು, ಏರಿನಲ್ಲೂ ಗಾಡಿ ಎಂದಿಲ್ಲದಷ್ಟು ಹಗುರವಾಗಿ ಓಡಿತು. ಅದಕ್ಕೂ ನನಗೆ ಸಿಟ್ಟು ಬಂತು.